ಪೈಪ್ ಅರ್ಧ ಕತ್ತರಿಸಿದರೆ ಮೇಲಿನ ಷಡ್ಜ ಬರಲ್ಲ

ಬಡಾವಣೆಯ ಪಾರ್ಕಿಗೆ ಮುಟ್ಟಿ, ಕೇಳಿ, ಮೂಸಿ ನೋಡುವಂಥ ಕಲಾಕೃತಿ ಮಾಡಿಕೊಡಿ ಎಂದು ಕರೆದರೆ ನಾನು ಮೊದಲು ಎರಡು ದಿನ ಅಲ್ಲಿ ಸುಮ್ನೆ ಬೆಂಚಿನ ಮೇಲೆ ಕೂರುತ್ತೇನೆ. ಮಕ್ಕಳು ಎಲ್ಲಿ ಗುಂಪು ಸೇರುತ್ತಾರೆ, ಮಧ್ಯಾಹ್ನ ಮೂರಕ್ಕೆ ಯಾವ ಮರದ ನೆರಳು ಎಲ್ಲಿ ಬೀಳುತ್ತದೆ, ಕಾಂಪೌಂಡಿಗೆ ಅಂಟಿಕೊಂಡ ಮನೆಯ ಮಲಗುವ ಕೋಣೆ ಯಾವ ಕಡೆಗಿದೆ, ಇದನ್ನೆಲ್ಲ ನೋಡದೆ ಡ್ರಾಯಿಂಗ್ ಹಾಕಿದರೆ ಆಮೇಲೆ ಬೈಸಿಕೊಳ್ಳುವುದು ಗ್ಯಾರಂಟಿ.

ಜನ ಜಾಸ್ತಿ ಕೇಳುವುದು ಬಡಿದರೆ ಸ್ವರ ಬರುವ ಪೈಪುಗಳನ್ನು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳನ್ನು ಈಗ ತಟ್ಟುವ ಹಾಗಿಲ್ಲ. ಆ ಆಸೆ ಪಾರ್ಕಿನಲ್ಲಾದರೂ ತೀರಲಿ ಬಿಡಿ.

ಮೊದಲ ಸಲ ನಾನೇ ಎಡವಿದ್ದೆ. ಉದ್ದ ಅರ್ಧವಾದರೆ ದನಿ ಒಂದು ಸ್ಥಾಯಿ ಏರುತ್ತದೆ, ಅಂದರೆ ಸ ಇದ್ದದ್ದು ಮೇಲಿನ ಸ ಆಗುತ್ತದೆ ಎಂಬ ಕೊಳಲಿನ ಲೆಕ್ಕ ಹಿಡಿದು, ಮೇಲಿನ ಷಡ್ಜಕ್ಕೆಂದು (ಮೇಲಿನ ಸ) 1 ಮೀಟರ್ ಪೈಪನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದೆ. ಬಂದದ್ದು ಇನ್ನೂ ಒಂದು ಸ್ಥಾಯಿ ಮೇಲಿನ ಕೀಚಲು ದನಿ! ಕೊಳಲಿನಲ್ಲಿ ಅದುರುವುದು ಒಳಗಿನ ಗಾಳಿ. ಬಡಿಯುವ ಪೈಪಿನಲ್ಲಿ ಲೋಹವೇ ಬಾಗಿ ಅದುರುತ್ತದೆ. ಹಾಗಾಗಿ ಉದ್ದ ಅರ್ಧವಾದರೆ ಕಂಪನದ ವೇಗ ಒಂದು ಸ್ಥಾಯಿಗೆ ಬೇಕಾದ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಂದೇ ವ್ಯಾಸ, ಒಂದೇ ದಪ್ಪದ ಪೈಪಿನಲ್ಲಿ ಸ 100 ಸೆಂ.ಮೀ. ಆದರೆ ರಿ 94.3, ಗ 89.4, ಪ 81.6, ದ 77.5, ಮೇಲಿನ ಸ 70.7.

ಹೌದು, ಈ ಸ್ವರಗಳು ಮೋಹನ ರಾಗದವು. ಬೇಕಂತಲೇ ಆರಿಸಿದ್ದು. ಅದರಲ್ಲಿ ಅಕ್ಕಪಕ್ಕದ ಸ್ವರಗಳು ತೀರಾ ಹತ್ತಿರ ಇಲ್ಲ, ಮಗು ಮನಸ್ಸಿಗೆ ಬಂದಂತೆ ಬಡಿದರೂ ಕರ್ಕಶ ಎನಿಸುವುದಿಲ್ಲ. ಹತ್ತು ಮಕ್ಕಳು ಒಟ್ಟಿಗೆ ಬಡಿದರೆ ಬೇರೆ ಮಾತು.

ಪೈಪನ್ನು ತೂಗು ಹಾಕುವಾಗ ತುದಿಗೆ ಕಟ್ಟಬೇಡಿ. ನಾದ ಅಲ್ಲೇ ಸಾಯುತ್ತದೆ. ಎರಡೂ ತುದಿಯಿಂದ ಉದ್ದದ ಶೇ. 22.4ರಷ್ಟು ಒಳಗೆ, ಅಂದರೆ 1 ಮೀಟರಿಗೆ 22.4 ಸೆಂ.ಮೀ. ದೂರದಲ್ಲಿ, ಪೈಪ್ ಅಲುಗಾಡದ ಜಾಗವಿರುತ್ತದೆ. ತೂತು ಅಲ್ಲೇ. ಬಡಿಯುವ ಕೋಲಿಗೆ ರಬ್ಬರ್ ತಲೆ ಇರಲಿ, ಗಿಡ್ಡ ವೈರ್ ರೋಪಿನಲ್ಲಿ ಕಟ್ಟಿರಲಿ. ಕಟ್ಟದಿದ್ದರೆ ವಾರದಲ್ಲಿ ಮಾಯ.

ಮುಟ್ಟುವ ವಸ್ತುವಿಗೆ ನೆರಳು ಮುಖ್ಯ. ಒಮ್ಮೆ ಸ್ಟೀಲ್ ತಗಡಿನ ಮೇಲೆ ಬ್ರೈಲ್ ಚುಕ್ಕೆ ಹಾಕಿಸಿ, ಚೆನ್ನಾಗಿ ಕಾಣಲಿ ಅಂತ ಬಯಲಲ್ಲಿ ನಿಲ್ಲಿಸಿದ್ದೆ. ಕಣ್ಣು ಕಾಣದವರೊಬ್ಬರು ಬೆರಳಿಟ್ಟು ತಕ್ಷಣ ಹಿಂದೆಗೆದರು. "ಮೇಡಂ, ಇದು ದೋಸೆ ಕಾವಲಿ ಇದ್ದ ಹಾಗಿದೆ" ಎಂದರು. ಓದಬೇಕಾದವರಿಗೆ ಅದು ಕಾಣುವ ಅಗತ್ಯವೇ ಇರಲಿಲ್ಲ, ಅಲ್ವಾ? ಹೊಂಗೆ ಮರದ ಕೆಳಗೆ ಸಾಗಿಸಿದೆವು.

ವಾಸನೆಗೆ ಎತ್ತರದ ತೊಟ್ಟಿ ಕಟ್ಟಿಸುತ್ತೇನೆ. ಗಾಲಿಕುರ್ಚಿಯಲ್ಲಿ ಬಂದವರ ಮೊಣಕಾಲು ಕೆಳಗೆ ನುಸುಳಲು 70 ಸೆಂ.ಮೀ. ಎತ್ತರ ಖಾಲಿ ಬಿಡಬೇಕು. ಹೂವಿಗಿಂತ ಎಲೆ ಮೇಲು, ಏಕೆಂದರೆ ಹೂವಿಗೆ ಕಾಲ ಕೂಡಿಬರಬೇಕು, ಎಲೆ ಯಾವಾಗ ಚಿವುಟಿದರೂ ಘಮ್ಮೆನ್ನುತ್ತದೆ. ತುಳಸಿ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ. ದೊಡ್ಡಪತ್ರೆಯನ್ನಂತೂ ಅಜ್ಜಿಯರು ಸೆರಗಿನ ತುಂಬ ತಂಬುಳಿಗೆ ಕಿತ್ತುಕೊಂಡು ಹೋಗುತ್ತಾರೆ. ಬೋರ್ಡ್ ಹಾಕಿ ಎಂದು ಸಮಿತಿಯವರು ಹೇಳಿದರು. ನಾನು ಇನ್ನೆರಡು ಸಾಲು ಜಾಸ್ತಿ ನೆಡಿಸಿದೆ, ಹೇಗೂ ಕಡ್ಡಿ ಚುಚ್ಚಿದರೆ ಚಿಗುರುವ ಗಿಡ.