ಎಷ್ಟು ದಿನ ಅನ್ನೋ ಮೊದಲು, ಯಾವ ಗೆರೆ ಅಂತ ಕೇಳಿ

ಏಪ್ರಿಲ್ ಎರಡನೇ ವಾರ ಬಂತು ಅಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. ರಾಯಚೂರು, ದೇವದುರ್ಗ, ಸಿಂಧನೂರು, ಒಮ್ಮೊಮ್ಮೆ ಬಳ್ಳಾರಿಯಿಂದಲೂ ಕರೆ. ಪ್ರಶ್ನೆ ಒಂದೇ: "ಸರ, 40 ಡಿಗ್ರಿ ದಾಟಿದ್ದು ಇದು ಸತತ ಎಷ್ಟನೇ ದಿನರೀ? ದಾಖಲೆ ಆತೇನ್ರೀ?" ಹವಾಮಾನದ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಆದರೂ ಈ ಪ್ರಶ್ನೆಗೆ ಬಿಸಿಲಿಗಿಂತ ಜಾಸ್ತಿ ತಲೆ ಕಾಯುತ್ತದೆ.

ಒಮ್ಮೆ ಒಬ್ಬ ಯುವ ವರದಿಗಾರ ಫೋನ್ ಮಾಡಿದ. ಒಳ್ಳೆಯ ಹುಡುಗ, ನಡು ಮಧ್ಯಾಹ್ನ ಬೈಕ್ ಮೇಲೆ ಹಳ್ಳಿ ಸುತ್ತುವವನು. ಆಸ್ಟ್ರೇಲಿಯಾದ ಮಾರ್ಬಲ್ ಬಾರ್ ಎಂಬ ಊರಲ್ಲಿ ಸತತ 160 ದಿನ ಸುಡುಬಿಸಿಲು ಇತ್ತು ಅಂತ ಎಲ್ಲೋ ಓದಿದ್ದ. "ಅದರ ಮುಂದ ನಮ್ದು ಏನೂ ಅಲ್ಲ ಅಂತ ಬರೀಲೇನ್ರೀ ಸರ?"

ಲೆಕ್ಕ ನಿಜ. 1923ರ ಅಕ್ಟೋಬರ್ 31ರಿಂದ 1924ರ ಏಪ್ರಿಲ್ 7ರವರೆಗೆ ಅಲ್ಲಿ ಒಂದು ದಿನವೂ ಗರಿಷ್ಠ ತಾಪಮಾನ 37.8ಕ್ಕಿಂತ ಕೆಳಗೆ ಇಳಿಯಲಿಲ್ಲ. ಆದರೆ ಈ 37.8 ಎಲ್ಲಿಂದ ಬಂತು? ಅದು ಫ್ಯಾರನ್‌ಹೀಟಿನ ನೂರು. ಆಗ ಅಲ್ಲಿ ಆ ಅಳತೆ ಇತ್ತು, ನೂರು ನೆನಪಿಡಲು ಸುಲಭ. ಅಷ್ಟೇ. ನಾವು 40 ಅಂತ ಎಣಿಸುತ್ತೇವೆ, ಯಾಕೆಂದರೆ ನಮ್ಮದು ಸೆಲ್ಸಿಯಸ್. ಅವರ ಗೆರೆ ಬೇರೆ, ನಮ್ಮ ಗೆರೆ ಬೇರೆ. ದಿನಗಳನ್ನು ಮಾತ್ರ ಅಕ್ಕಪಕ್ಕ ಇಟ್ಟು ಯಾರು ಗೆದ್ದರು ಅಂತ ನೋಡುತ್ತೇವೆ.

ಇದನ್ನು ಹುಡುಗನಿಗೆ ಮೂರು ಸಲ ಹೇಳಿದೆ. ನಿಮಗೂ ಇನ್ನೊಂದು ಸಲ ಹೇಳುತ್ತೇನೆ, ಬೇಜಾರಾಗಬೇಡಿ. ಒಂದು ಶಾಲೆಯಲ್ಲಿ ಪಾಸಾಗಲು 35 ಅಂಕ ಸಾಕು. ಇನ್ನೊಂದರಲ್ಲಿ 60 ಬೇಕು. ಎರಡೂ ಕಡೆ ಎಷ್ಟು ಮಕ್ಕಳು ಪಾಸ್ ಅಂತ ಮಾತ್ರ ಹೇಳಿ, ಯಾವ ಶಾಲೆ ಮೇಲು ಅಂದರೆ ನೀವು ಏನಂತೀರಿ? ಪಾಸ್ ಮಾರ್ಕು ಎಷ್ಟು ಅಂತ ಮೊದಲು ಕೇಳ್ತೀರಿ, ಅಲ್ವಾ? ಬಿಸಿಲಿನ ವಿಷಯಕ್ಕೆ ಬಂದಾಗ ಮಾತ್ರ ಯಾರೂ ಕೇಳೋದಿಲ್ಲ.

ಎರಡು ಊರು ಬೇಡ, ಒಂದೇ ಊರು ತೆಗೆದುಕೊಳ್ಳಿ. ಅಮೆರಿಕದ ಫೀನಿಕ್ಸ್. 2023ರ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಅಲ್ಲಿ 43.3 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಅದು ಫ್ಯಾರನ್‌ಹೀಟಿನ 110ರ ಗೆರೆ. ಮರುವರ್ಷ, 2024ರಲ್ಲಿ, ಅದೇ ಊರಲ್ಲಿ ನೂರರ ಗೆರೆ ಹಿಡಿದು ಎಣಿಸಿದಾಗ ಸತತ 113 ದಿನ ಬಂತು. ಆ 113 ದಿನದ ಬೇಸಿಗೆಗೂ 31 ದಿನದ ದಾಖಲೆ ಮುರಿಯಲು ಆಗಲಿಲ್ಲ. ಹಾಗಾದರೆ ಯಾವ ವರ್ಷದ ಬಿಸಿಲು ಜೋರು? ಗೆರೆ ಎಲ್ಲಿ ಎಳೆದಿರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ.

ಇಂಗ್ಲೆಂಡಿನದು ಇನ್ನೂ ತಮಾಷೆ. 1976ರಲ್ಲಿ ಅಲ್ಲಿ ಸತತ 15 ದಿನ 32 ಡಿಗ್ರಿ ದಾಟಿತ್ತು ಅಂತ ಇವತ್ತಿಗೂ ಹೇಳಿಕೊಳ್ಳುತ್ತಾರೆ. ನಮಗೆ 32 ಅಂದರೆ ದೀಪಾವಳಿಯ ಹವೆ. ಆದರೆ ನಗಬೇಡಿ. ಚಳಿಗೆ ಅಂತ ಕಟ್ಟಿದ ಮನೆಯಲ್ಲಿ ಫ್ಯಾನೂ ಇಲ್ಲದೆ ಕೂತವರಿಗೆ 32 ಸಣ್ಣದಲ್ಲ. ನಾನು ತೋರಿಸಬೇಕೆಂದದ್ದು ಬೇರೆ: ಆ 15 ದಿನವೂ ಒಂದೇ ಊರಿನದಲ್ಲ. ಇಂಗ್ಲೆಂಡಿನ ಯಾವುದಾದರೂ ಒಂದು ಜಾಗದಲ್ಲಿ ಆ ದಿನ 32 ದಾಟಿದ್ದರೆ ಸಾಕು, ಲೆಕ್ಕಕ್ಕೆ ಬಂತು. ಇವತ್ತು ರಾಯಚೂರು, ನಾಳೆ ಕಲಬುರಗಿ, ನಾಡಿದ್ದು ಬಳ್ಳಾರಿ ಅಂತ ಜೋಡಿಸಿದರೆ ನಮ್ಮದೂ ಉದ್ದ ಸರಪಳಿ ಆಗುತ್ತದೆ.

ಇನ್ನು, ಸರಪಳಿ ಯಾಕೆ ಕಡಿಯುತ್ತದೆ ಅನ್ನೋದು. ಮಾರ್ಬಲ್ ಬಾರ್ ಸಮುದ್ರದಿಂದ ಒಳಗಿದೆ, ಕಡಲ ಗಾಳಿ ಅಲ್ಲಿ ಮುಟ್ಟುವುದಿಲ್ಲ. ಮಳೆ ಮೋಡ ಬಂದರೆ ಮಾತ್ರ ತಂಪು. ಆ ವರ್ಷ ಅಲ್ಲಿನ ಮುಂಗಾರು ಉತ್ತರದಲ್ಲೇ ನಿಂತುಬಿಟ್ಟಿತು. ನಮ್ಮಲ್ಲಿ ಹಾಗಲ್ಲ. ಏಪ್ರಿಲ್, ಮೇಯಲ್ಲಿ ಸಂಜೆ ಗುಡುಗು, ಧೂಳು, ಅರ್ಧ ಗಂಟೆ ಮಳೆ. ಮರುದಿನ ಗರಿಷ್ಠ 39.9 ಬಂದರೂ ಎಣಿಕೆ ಸೊನ್ನೆಗೆ ಇಳಿಯಿತು. ಮೂರನೇ ದಿನಕ್ಕೆ ಮತ್ತೆ ಅದೇ ಕೆಂಡ. ಆ ವರದಿಗಾರ ಹುಡುಗ ಒಂದು ಸಂಜೆ ಮಳೆ ಬಂದಾಗ ಫೋನ್ ಮಾಡಿ, "ಸರ, ಎಣಿಕಿ ಕೆಟ್ಟು ಹೋತ್ರೀ" ಅಂದ, ಸಂಕಟದಲ್ಲಿ. ಊರೆಲ್ಲ ಮಣ್ಣಿನ ವಾಸನೆ ಕುಡಿಯುತ್ತಿದೆ, ಇವನಿಗೆ ದಾಖಲೆ ಹೋದ ದುಃಖ!

ಕಾರಿನ ಡ್ಯಾಶ್‌ಬೋರ್ಡ್ 47 ತೋರಿಸಿತು ಅಂತ ಫೋಟೋ ಕಳಿಸುವವರಿಗೆ ಒಂದೇ ಮಾತು. ನಾವು ಓದುವುದು ಬಿಳಿ ಬಣ್ಣದ ಜಾಲಂದರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಮೇಲಿರುವ ಗಾಳಿಯ ಬಿಸಿಯನ್ನು. ಡಾಂಬರಿನದ್ದಲ್ಲ.

ಸಿಟ್ಟಿನ ಕರೆಗಳೂ ಬರುತ್ತವೆ. "42 ಐತಿ, ಬಿಸಿಗಾಳಿ ಅಂತ ಯಾಕ ಘೋಷಣೆ ಮಾಡಿಲ್ಲ?" ಇಲ್ಲೂ ಅದೇ ಗೆರೆಯ ಕಥೆ. ಹವಾಮಾನ ಇಲಾಖೆಯ ನಿಯಮದಲ್ಲಿ ಬಯಲು ಸೀಮೆಯಲ್ಲಿ ಕನಿಷ್ಠ 40 ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ ನೇರ 45 ಮುಟ್ಟಬೇಕು. ರಾಯಚೂರಿನ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು. ಅಂದರೆ ನಮಗೆ 44 ದಾಟಬೇಕು. ಕರಾವಳಿಗೆ 37ರ ಗೆರೆ, ಆದ್ದರಿಂದ ಮಂಗಳೂರಲ್ಲಿ 38ಕ್ಕೇ ಘೋಷಣೆ ಆಗಬಹುದು. ಇದು ಅನ್ಯಾಯ ಅನಿಸುತ್ತದೆ, ಗೊತ್ತು. ಆದರೆ ಅಲ್ಲಿ ಗಾಳಿಯಲ್ಲಿ ನೀರಿನಂಶ ಜಾಸ್ತಿ, ಬೆವರು ಆರೋದಿಲ್ಲ. ಅಲ್ಲಿನ 38 ಮೈಗೆ ನಮ್ಮ 42ಕ್ಕಿಂತ ಕಷ್ಟ ಕೊಡಬಹುದು. ಹಾಗಂತ ಘೋಷಣೆ ಇಲ್ಲ ಅಂದರೆ ಅಪಾಯ ಇಲ್ಲ ಅಂತ ತಿಳಿಯಬೇಡಿ. ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇಯಲ್ಲಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದು ಯಾವ ಬಿಸಿಗಾಳಿ ಘೋಷಣೆಗೂ ಕಾದು ಅಲ್ಲ. ಗದ್ದೆಯಲ್ಲಿ, ಕಲ್ಲಿನ ಕ್ವಾರಿಯಲ್ಲಿ ದುಡಿಯುವವರಿಗೆ ಆ ಸೌಲಭ್ಯ ಇಲ್ಲ ಅನ್ನೋದು ಬೇರೆ ಮಾತು.

ಹೋಲಿಸಲೇಬೇಕು ಅಂದರೆ ಒಂದೇ ಗೆರೆ ಹಿಡಿಯಿರಿ, ಒಂದೇ ಕೇಂದ್ರದ ಲೆಕ್ಕ ಹಿಡಿಯಿರಿ, ಆ ಊರಿನ ವಾಡಿಕೆ ಎಷ್ಟು ಅಂತ ಪಕ್ಕದಲ್ಲಿ ಬರೆಯಿರಿ. ಸತತ ದಿನದ ಜೊತೆಗೆ ಒಟ್ಟು ದಿನವನ್ನೂ ಎಣಿಸಿ. ರಾತ್ರಿಯ ಕನಿಷ್ಠವನ್ನೂ ನೋಡಿ. ನಮ್ಮ ಗುಡ್ಡದ ಕಲ್ಲು, ಸಿಮೆಂಟಿನ ಸೂರು ಹಗಲು ಕುಡಿದ ಬಿಸಿಯನ್ನು ರಾತ್ರಿಯಿಡೀ ಉಗುಳುತ್ತವೆ. ನಿದ್ದೆ ಕೆಡುವುದು ಅದರಿಂದ.

ನಮ್ಮ ಓಣಿಯ ಮುದುಕಿಯೊಬ್ಬರು ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತಾರೆ. ಹಾಸಿಗೆ ಹಾಸೋ ಮೊದಲು ನೆಲಕ್ಕೆ ಕೊಡದಿಂದ ನೀರು ಸುರಿಯುತ್ತಾರೆ. ಎಷ್ಟು ಕೊಡ ಬೇಕಾಯಿತು ಅನ್ನೋದೇ ಅವರ ಥರ್ಮಾಮೀಟರ್. ಈ ದಾಖಲೆಯ ಗಲಾಟೆ ಹೇಳಿ, ಮಳೆ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. "ಒಂದಿನ ತಣ್ಣಗಾತಂತ ಹಿಂದಿನ ರಾತ್ರಿ ನಿದ್ದಿ ವಾಪಸ್ ಬರ್ತಾವೇನೋ ತಮ್ಮಾ?" ಅಂದು ಖಾಲಿ ಕೊಡ ತಗೊಂಡು ನಲ್ಲಿ ಕಡೆ ಹೋದರು.