ಎರಿ ಮಣ್ಣಿನ ಪಾಯ, ಎಂ.ಬಿ. ಮತ್ತು ಮಧ್ಯಸ್ಥ: ಕ್ವಾಂಟಿಟಿ ಸರ್ವೇಯರ್‌ಗೆ ಬೇಕಾದ ಕೌಶಲಗಳು

ಲೆಕ್ಕ ಸರಿಯಿದ್ದೂ, ಗುತ್ತಿಗೆ ವ್ಯಾಜ್ಯದಲ್ಲಿ ಮಧ್ಯಸ್ಥನಾಗಿ ಕೂತ ಕ್ವಾಂಟಿಟಿ ಸರ್ವೇಯರ್ (ಕಟ್ಟಡ ಕೆಲಸದ ಅಳತೆ ಮತ್ತು ಖರ್ಚಿನ ಲೆಕ್ಕ ಹಾಕುವವನು) ಬರೆದ ತೀರ್ಪು ಕೋರ್ಟಿನಲ್ಲಿ ಬೀಳುವುದುಂಟು. ತನಗೆ ಗೊತ್ತಿರುವ ಸಂಗತಿಯನ್ನು ಎರಡೂ ಕಡೆಯವರ ಮುಂದೆ ಇಡದೆ ನೇರವಾಗಿ ತೀರ್ಪಿನಲ್ಲಿ ಬಳಸುವುದು ಅದಕ್ಕೆ ಒಂದು ದೊಡ್ಡ ಕಾರಣ. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯ ಕಲಂ 18 ಇಬ್ಬರಿಗೂ ಸಮಾನ ಅವಕಾಶ ಕೊಡಲೇಬೇಕು ಎನ್ನುತ್ತದೆ. ಈ ಟಿಪ್ಪಣಿ ಓದುವಾಗ ಈ ಮಾತು ಸದಾ ನೆನಪಿರಲಿ.

ಗದಗ ಕಡೆಯ ಎರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಒಂದು ಕಟ್ಟಡ ಎಂದಿಟ್ಟುಕೊಳ್ಳಿ. ನಕ್ಷೆಯ ಪ್ರಕಾರ ಪಾಯದ ಕಂದಕ 120 ಮೀ. ಉದ್ದ, 1.2 ಮೀ. ಅಗಲ, 1.5 ಮೀ. ಆಳ, ಅಂದರೆ 216 ಘನ ಮೀಟರ್. ಗರಸು ಸಿಗುವವರೆಗೆ 2.1 ಮೀ. ಅಗೆದೆ ಎನ್ನುವ ಗುತ್ತಿಗೆದಾರ ಲಾರಿ ಲೋಡು ಎಣಿಸಿ 378 ಘನ ಮೀಟರ್ ಬಿಲ್ಲು ಕೊಟ್ಟಿದ್ದಾನೆ. ಇಲಾಖೆ 216ಕ್ಕೇ ನಿಂತಿದೆ.

ಮೊದಲು ನೋಡಬೇಕಾದ್ದು ಅಳತೆಯ ವಿಧಾನ. ಒಪ್ಪಂದ ಐಎಸ್ 1200ರ (ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನಕ) ಪ್ರಕಾರ ಎಂದಿದ್ದರೆ ಮಣ್ಣನ್ನು ಅಗೆದ ಗುಂಡಿಯಲ್ಲೇ ಅಳೆಯಬೇಕು. ಸಡಿಲಾದ ಮಣ್ಣು ಉಬ್ಬುತ್ತದೆ, 302.4ಕ್ಕೆ 25% ಉಬ್ಬು ಸೇರಿದರೆ ಆ 378 ಬರುತ್ತದೆ. ಹಾಗಾಗಿ ಆಳ ಸಾಬೀತಾದರೂ ಸಿಗುವುದು ಹೆಚ್ಚೆಂದರೆ 302.4. ಮಳೆಗೆ ಬದಿ ಕುಸಿದು ಅಗಲವಾದ ಭಾಗ ಬೇರೆ ವಿಷಯ. ಬದಿಗೆ ಆಸರೆ ಕೊಡುವ ಹೊಣೆ ಗುತ್ತಿಗೆದಾರನದಾಗಿದ್ದರೆ ಅದು ಅವನ ಖರ್ಚು. ಇಳಿಜಾರು ಕೊಡು ಎಂದು ಎಂಜಿನಿಯರ್ ಬರೆದುಕೊಟ್ಟಿದ್ದರೆ ಅದಕ್ಕೆ ಹಣ ಸಲ್ಲಬೇಕು.

ಇನ್ನು 2.1 ಮೀ. ನಿಜವೇ? ಅಗೆಯುವ ಮುಂಚಿನ ಮತ್ತು ನಂತರದ ಜಂಟಿ ಲೆವೆಲ್ಲುಗಳು, ಸೈಟ್ ಆರ್ಡರ್ ಪುಸ್ತಕ, ಎಂ.ಬಿ.ಯ (ಮೆಷರ್‌ಮೆಂಟ್ ಬುಕ್, ಅಂದರೆ ಅಳತೆ ಪುಸ್ತಕ) ಸಹಿ ಮತ್ತು ತಾರೀಖು ತರಿಸಿ. ಬರೀ ಕಂದಕದ ಪುಟ ನೋಡಿ ಬಿಡಬೇಡಿ. ಪಾಯ 0.6 ಮೀ. ಕೆಳಗೆ ಹೋಗಿದ್ದರೆ ಪ್ಲಿಂತ್ ಕೆಳಗಿನ ಕಲ್ಲುಗಟ್ಟಡವೋ ಕಾಂಕ್ರೀಟೋ, ಇಲ್ಲವೇ ಗರಸಿನ ಭರ್ತಿಯೋ ಅಷ್ಟೇ ಹೆಚ್ಚಿರಬೇಕು. ಅದೇ ಎಂ.ಬಿ.ಯ ಮುಂದಿನ ಪುಟಗಳಲ್ಲಿ ಅದು ಕಾಣದಿದ್ದರೆ ಕ್ಲೇಮಿನ ಬುಡವೇ ಅಲುಗಾಡುತ್ತದೆ. ವಕೀಲರ ಕಣ್ಣಿಗೆ ಬೀಳದ ಇಂಥ ತಾಳೆ ನೋಡುವುದಕ್ಕೇ ಸರ್ವೇಯರ್‌ಗಳಾದ ನಮ್ಮವರನ್ನು ಮಧ್ಯಸ್ಥರಾಗಿ ಕೂರಿಸುವುದು. ಆದರೆ ಅನುಮಾನ ಬಂದ ಕೂಡಲೇ ಆ ಪುಟ ತೋರಿಸಿ ಇಬ್ಬರಿಗೂ ಲಿಖಿತವಾಗಿ ಕೇಳಿ, ಉತ್ತರಕ್ಕೆ ಸಮಯ ಕೊಡಿ. ಸೈಟಿಗೆ ಹೋಗುವುದಿದ್ದರೆ ಇಬ್ಬರನ್ನೂ ಕರೆದುಕೊಂಡೇ ಹೋಗಬೇಕು. ಒಬ್ಬರ ಜೀಪಿನಲ್ಲಿ ಹೋಗುವುದು ಕೂಡದು.

ಆಳ ಸಾಬೀತಾಯಿತು ಎನ್ನೋಣ. ಹೆಚ್ಚುವರಿ 86.4 ಘನ ಮೀಟರ್, ಅಂದರೆ 40%. ಟೆಂಡರ್ ದರ 25% ಹೆಚ್ಚಳದವರೆಗೆ ಮಾತ್ರ ಎಂದು ಒಪ್ಪಂದದಲ್ಲಿದ್ದರೆ 54 ಘನ ಮೀಟರಿಗೆ ಹಳೆಯ ದರ, ಉಳಿದ 32.4ಕ್ಕೆ ಒಪ್ಪಂದ ಹೇಳಿದ ಬೇರೆ ದರ. ಸರಾಸರಿ ದರ ಹಾಕಿ ಮುಗಿಸುವಂತಿಲ್ಲ. ಒಪ್ಪಂದದ ಷರತ್ತುಗಳನ್ನು ಗಮನಿಸಲೇಬೇಕೆಂದು ಕಲಂ 28(3) ಹೇಳುತ್ತದೆ.

ಗಿಲಾವಿನ (ಪ್ಲಾಸ್ಟರ್) ಜಗಳಕ್ಕೆ ಒಂದೇ ಮಾತು: ಗೋಡೆಯ ಎರಡೂ ಮುಖಕ್ಕೆ ಒಂದೇ ಬಗೆಯ ಗಿಲಾವಿದ್ದು, ತೆರಪು 0.5 ಚ.ಮೀ.ಗಿಂತ ಹೆಚ್ಚು, 3 ಚ.ಮೀ. ಮೀರದಂತಿದ್ದರೆ ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. 1.2 × 1.5 ಮೀ. ಕಿಟಕಿಗೆ ಎರಡೂ ಕಡೆ 1.8 ಚ.ಮೀ. ಕಳೆದ ಬಿಲ್ಲುಗಳು ಮತ್ತೆ ಮತ್ತೆ ಕಾಣುತ್ತವೆ.

ವಿಳಂಬದ ಓವರ್‌ಹೆಡ್ (ಕಚೇರಿ ಮುಂತಾದ ಸಾಮಾನ್ಯ ಖರ್ಚು) ಕ್ಲೇಮಿನಲ್ಲಿ ಹಡ್ಸನ್ ಸೂತ್ರ ಬರುತ್ತದೆ: ಒಪ್ಪಂದದ ಮೊತ್ತದಲ್ಲಿನ ಓವರ್‌ಹೆಡ್-ಲಾಭದ ಪಾಲನ್ನು ಅವಧಿಯಿಂದ ಭಾಗಿಸಿ, ವಿಳಂಬದ ತಿಂಗಳುಗಳಿಂದ ಗುಣಿಸುವುದು. ಒಪ್ಪಂದದ ಮೊತ್ತ 1.8 ಕೋಟಿ, ಅವಧಿ 12 ತಿಂಗಳು, ವಿಳಂಬ 4 ತಿಂಗಳು, ಓವರ್‌ಹೆಡ್ ಮತ್ತು ಲಾಭ 10% ಎಂದಾದರೆ ಸೂತ್ರ 6 ಲಕ್ಷ ಕೊಡುತ್ತದೆ. ಆದರೆ 1.8 ಕೋಟಿಯಲ್ಲೇ ಆ 10% ಸೇರಿದೆ. 1.1ರಿಂದ ಭಾಗಿಸಿ ಅದನ್ನು ಬೇರ್ಪಡಿಸಿದರೆ ಆ ಪಾಲು 12 ತಿಂಗಳಿಗೆ ಸುಮಾರು 16.36 ಲಕ್ಷ, ನಾಲ್ಕು ತಿಂಗಳಿಗೆ ಸುಮಾರು 5.45 ಲಕ್ಷ. ಅಷ್ಟಾದರೂ ಸೂತ್ರವೇ ಪುರಾವೆಯಲ್ಲ. ಬೇರೆ ಕೆಲಸ ಕೈತಪ್ಪಿತೆಂದು ತೋರಿಸದೆ ಕೈತಪ್ಪಿದ ಲಾಭ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2023ರ ಯುನಿಬ್ರಾಸ್ ಪ್ರಕರಣದಲ್ಲಿ ಹೇಳಿದೆ. ವಿಳಂಬ ಯಾರದು ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಹಣಕ್ಕೆ ಬನ್ನಿ.

ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ಗುತ್ತಿಗೆದಾರ, ಎಂಜಿನಿಯರ್, ಸರ್ವೇಯರ್ ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಹಿಂದೆ ಅದೇ ಗುತ್ತಿಗೆದಾರನ ಎಸ್ಟಿಮೇಟ್ ಮಾಡಿಕೊಟ್ಟಿದ್ದರೆ ಕಲಂ 12ರ ಪ್ರಕಾರ ನೇಮಕಕ್ಕೆ ಮುಂಚೆಯೇ ಬರೆದು ತಿಳಿಸಬೇಕು. ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದ ಸಂಬಂಧವಿದ್ದರೆ ಮಧ್ಯಸ್ಥನಾಗಿ ಕೂರುವಂತೆಯೇ ಇಲ್ಲ; ವ್ಯಾಜ್ಯ ಹುಟ್ಟಿದ ಮೇಲೆ ಎರಡೂ ಕಡೆಯವರು ಲಿಖಿತವಾಗಿ ಒಪ್ಪಿದರೆ ಮಾತ್ರ ದಾರಿ. ನೇಮಕದಲ್ಲಿ ಒಮ್ಮತ ಬಾರದೆ ಹೈಕೋರ್ಟಿಗೆ ಹೋಗುವುದಾದರೆ ಈ ಭಾಗಕ್ಕೆ ಧಾರವಾಡ ಪೀಠವಿದೆ.

ಸಮಯದ ಲೆಕ್ಕ ಡೈರಿಯ ಮೊದಲ ಪುಟದಲ್ಲಿರಲಿ: ನೇಮಕದ ಲಿಖಿತ ಸೂಚನೆ ತಲುಪಿ 6 ತಿಂಗಳಲ್ಲಿ ವಾದಪತ್ರಗಳು ಮುಗಿಯಬೇಕು, ಅಲ್ಲಿಂದ 12 ತಿಂಗಳಲ್ಲಿ ತೀರ್ಪು. ಇಬ್ಬರೂ ಒಪ್ಪಿದರೆ ಇನ್ನೂ 6 ತಿಂಗಳು. ಅದಕ್ಕೂ ಮೀರಿದರೆ ಕೋರ್ಟೇ ವಿಸ್ತರಿಸಬೇಕು.

ತೀರ್ಪಿನಲ್ಲಿ ಪ್ರತಿ ಕ್ಲೇಮಿಗೂ ಪ್ರಶ್ನೆ, ಒಪ್ಪಂದದ ಷರತ್ತು, ನೋಡಿದ ದಾಖಲೆಯ ಪುಟ, ನಂಬಿದ್ದಕ್ಕೆ ಕಾರಣ, ಕೊನೆಗೆ ಲೆಕ್ಕ ಬರಲಿ. ಬಡ್ಡಿ ಹಾಕುವ ಮುನ್ನ ಒಪ್ಪಂದ ಅದನ್ನು ತಡೆದಿದೆಯೇ ನೋಡಿ. ಕೂಡಿ ಕಳೆಯುವಲ್ಲಿ ಆದ ತಪ್ಪನ್ನು ತೀರ್ಪು ಕೈಸೇರಿದ 30 ದಿನದೊಳಗೆ ಅರ್ಜಿ ಹಾಕಿ ಕಲಂ 33ರಡಿ ತಿದ್ದಿಸಬಹುದು. ಬರೆಯದೇ ಬಿಟ್ಟ ಕಾರಣವನ್ನು ಸೇರಿಸಲು ಆ ಕಲಮಿನಲ್ಲಿ ಜಾಗವಿಲ್ಲ.