ತಳದ ಮೀನಿಗೆ ಗಿಡದ ಟ್ಯಾಂಕ್: ಮರಳಿನಿಂದ ಶುರು ಮಾಡಿ

ಜೀಬ್ರಾ ಲೋಚ್ ನಮ್ಮ ತುಂಗೆಯ ತಳದ ಮೀನು. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ನಾರಾಯಣ ರಾವ್ ಅದಕ್ಕೆ ಬೋಟಿಯಾ ಸ್ಟ್ರಯಾಟ ಅಂತ ಹೆಸರಿಟ್ಟರು. ಈಗ ಅದು ಅಳಿವಿನಂಚಿನಲ್ಲಿದೆ, ಹೊಳೆಯಿಂದ ಹಿಡಿದು ತರಲೇಬೇಡಿ. ಕಲಿಯುವವರಿಗೆ ಕೋರಿಡೋರಸ್ ಎಂಬ ತಳದ ಮೀನು ಸರಿ, ಚಿಕ್ಕದಾಗಿ ಕೋರಿ ಅನ್ನುತ್ತಾರೆ. ದಕ್ಷಿಣ ಅಮೆರಿಕದ್ದು, ಆದರೆ ಸಾಕಣೆಯಲ್ಲೇ ಮರಿ ಮಾಡಿಸಿದ್ದು ಸಿಗುತ್ತದೆ. ಆರು ಇರಲಿ, ಒಂಟಿಯಾಗಿದ್ದರೆ ಹೆದರಿ ಮೂಲೆ ಸೇರುತ್ತದೆ.

ಎಲ್ಲರೂ ಮೊದಲು ಗಿಡ, ಲೈಟ್ ನೋಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಮರಳು. ಕೋರಿ ಮರಳನ್ನು ಬಾಯಿಗೆ ತೆಗೆದುಕೊಂಡು, ತಿನ್ನುವುದನ್ನು ಆರಿಸಿ, ಉಳಿದದ್ದನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ಅದರ ಮೀಸೆ ಬಹಳ ಮೃದು. ಚೂಪಾದ ಜಲ್ಲಿಯಲ್ಲಿ ಗಾಯವಾಗುತ್ತದೆ, ಕೊಳಕು ತಳದಲ್ಲಿ ಸೋಂಕಾಗಿ ಸವೆದೇ ಹೋಗುತ್ತದೆ. ಎಂ-ಸ್ಯಾಂಡ್ ಬೇಡ, ಅದು ಕಲ್ಲು ಒಡೆದು ಮಾಡಿದ್ದು, ಅಂಚು ಚೂಪು. ಮನೆ ಕಟ್ಟಿ ಉಳಿದ ಹೊಳೆ ಮರಳು ಇದ್ದರೆ ಜರಡಿ ಹಿಡಿದು, ಬಕೆಟ್‌ನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಂದು ಚಿಟಿಕೆಗೆ ವಿನೆಗರ್ ಬಿಟ್ಟು ನೋಡಿ, ನೊರೆ ಬಂದರೆ ಸುಣ್ಣದಂಶ ಇದೆ ಅಂತ, ಅದು ನೀರನ್ನು ಗಡಸು ಮಾಡುತ್ತದೆ, ಬೇಡ. ಮುಂದೆ 3 ಸೆಂಟಿಮೀಟರ್, ಹಿಂದೆ ಗಿಡದ ಬೇರಿಗೆ 5 ಸಾಕು.

ಕಲ್ಲನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಗಾಜಿನ ಮೇಲೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಈ ಮೀನುಗಳು ಬುಡ ಕೆದಕುತ್ತವೆ, ಕಲ್ಲು ಉರುಳಿದರೆ ಮೀನೂ ಹೋಯಿತು.

ಗಿಡಕ್ಕೂ ಅದೇ ಕೆದಕಾಟದ ಕಾಟ, ಅಲ್ವಾ? ಅದಕ್ಕೇ ಅನೂಬಿಯಾಸ್, ಜಾವಾ ಫರ್ನ್ ಎರಡನ್ನೂ ದಾರದಿಂದ ಕಲ್ಲಿಗೋ ಮರದ ತುಂಡಿಗೋ ಕಟ್ಟಿ. ಈ ಗಿಡಗಳ ದಪ್ಪ ಗಡ್ಡೆ ಮರಳಲ್ಲಿ ಹೂತರೆ ಕೊಳೆಯುತ್ತದೆ. ಬೇರಿಂದ ಉಣ್ಣುವ ಕ್ರಿಪ್ಟೋಕೊರೈನ್ ಮಾತ್ರ ಮರಳಿಗೆ, ಬುಡದಲ್ಲಿ ಗೊಬ್ಬರದ ಮಾತ್ರೆ. ಹೊಸ ನೀರಿಗೆ ಎಲೆ ಕರಗಿದರೆ ಕೀಳಬೇಡಿ, ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ.

ನಮ್ಮ ಮಲೆನಾಡಿನ ಬಾವಿ ನೀರು ಸಾಮಾನ್ಯವಾಗಿ ಮೆದು, ಅಂದರೆ ಕರಗಿದ ಖನಿಜ ಕಡಿಮೆ, ಕೋರಿಗೆ ಇಷ್ಟ. ಆದರೆ ಮೆದು ನೀರಿನಲ್ಲಿ ಆಮ್ಲವನ್ನು ತಡೆಯುವ ಶಕ್ತಿ ಕಡಿಮೆ, ಪಿಎಚ್ ಬೇಗ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತದೆ, ಆಗ ಫಿಲ್ಟರಿನಲ್ಲಿ ಮೀನಿನ ಕೊಳೆ ಶುದ್ಧ ಮಾಡುವ ಬ್ಯಾಕ್ಟೀರಿಯಾ ಮಂಕಾಗುತ್ತದೆ. ಅದಕ್ಕೇ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿಯೇ ಬಳಸಿ.

ಮೀನು ಬಿಡುವ ಮುನ್ನ ಸಾಮಾನ್ಯವಾಗಿ 4ರಿಂದ 6 ವಾರ ಕಾಯಬೇಕು. ಟ್ಯಾಂಕಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ, ಅವು ಸೊನ್ನೆಗೆ ಬಂದು ನಿಂತ ಮೇಲೆ ಮೀನು ಬಿಡಿ. ಕೋರಿ ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ, ಹಾಗಾಗಿ ಮುಚ್ಚಳದ ಕೆಳಗೆ ಸ್ವಲ್ಪ ಜಾಗ ಬಿಡಿ. ತಳಕ್ಕೆ ಮುಳುಗುವ ಉಂಡೆ ಆಹಾರವನ್ನು ಲೈಟ್ ಆರಿಸಿದ ಮೇಲೆ ಹಾಕಿದರೆ ಮೇಲಿನ ಮೀನು ಕಸಿಯುವುದಿಲ್ಲ.